ಬಿಸಿಯತ್ತ ಈಜುವ ಹನಿ

1994ರ ಜುಲೈ ತಿಂಗಳಲ್ಲಿ ಕೊಲಂಬಿಯಾ ನೌಕೆ ಎರಡು ವಾರ ಭೂಮಿಯನ್ನು ಸುತ್ತುತ್ತಿತ್ತು. ಅದರೊಳಗಿನ ಪ್ರಯೋಗಾಲಯದಲ್ಲಿ ಸಿಲಿಕೋನ್ ಎಣ್ಣೆ ತುಂಬಿದ ಪುಟ್ಟ ಪೆಟ್ಟಿಗೆಯೊಂದಿತ್ತು. ಪೆಟ್ಟಿಗೆಯ ಒಂದು ಗೋಡೆ ಬಿಸಿ, ಎದುರಿನ ಗೋಡೆ ತಂಪು. ತಂಪು ಗೋಡೆಯ ಬಳಿ ಸೂಜಿಯೊಂದು ಎಣ್ಣೆಯೊಳಕ್ಕೆ ಗಾಳಿಯ ಗುಳ್ಳೆ ಬಿಟ್ಟಿತು. ನೆಲದ ಮೇಲಾಗಿದ್ದರೆ ಆ ಗುಳ್ಳೆ ಎತ್ತ ಹೋಗುತ್ತದೆಂದು ಯಾರನ್ನೂ ಕೇಳಬೇಕಿರಲಿಲ್ಲ, ಸೀದಾ ಮೇಲಕ್ಕೆ. ಕಕ್ಷೆಯಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ನಮ್ಮ ನಿತ್ಯದ ಅನುಭವದ ಪ್ರಕಾರ ಗುಳ್ಳೆ ಬಿಟ್ಟಲ್ಲೇ ಇರಬೇಕಿತ್ತು. ಅದು ಬಿಸಿ ಗೋಡೆಯ ಕಡೆಗೆ ಹೊರಟಿತು. ಗಾಳಿಯ ಬದಲು ಫ್ಲೂರಿನರ್ಟ್ ಎಂಬ ದ್ರವದ ಹನಿ ಬಿಟ್ಟಾಗಲೂ ಅದೇ ದಾರಿ ಹಿಡಿಯಿತು.

ಪ್ರಯೋಗ ರೂಪಿಸಿದವರಿಗೆ ಇದು ಅಚ್ಚರಿಯೇನಲ್ಲ. ಅಮೆರಿಕದ ಕ್ಲಾರ್ಕ್‌ಸನ್ ವಿಶ್ವವಿದ್ಯಾಲಯದ ಆರ್. ಶಂಕರ್ ಸುಬ್ರಮಣಿಯನ್, ನಾಸಾದ ಆರ್. ಬಾಲಸುಬ್ರಮಣಿಯಂ ಮತ್ತು ಅವರ ಜೊತೆಗಾರರಿಗೆ ಬೇಕಾಗಿದ್ದುದು ಅಳತೆ. ಹನಿ ಎಷ್ಟು ವೇಗವಾಗಿ ಹೋಗುತ್ತದೆ, ದೊಡ್ಡ ಹನಿಗೂ ಸಣ್ಣ ಹನಿಗೂ ಏನು ವ್ಯತ್ಯಾಸ, ಎರಡು ಹನಿ ಒಟ್ಟಿಗೆ ಹೊರಟರೆ ಏನಾಗುತ್ತದೆ? ಈ ಪ್ರಶ್ನೆಗಳನ್ನು ಹೊತ್ತು ಅವರ ಪೆಟ್ಟಿಗೆ 1996ರ ಜೂನ್‌ನಲ್ಲಿ ಅದೇ ನೌಕೆಯಲ್ಲಿ ಮತ್ತೊಮ್ಮೆ ಮೇಲೇರಿತು. 2002ರ ಡಿಸೆಂಬರ್ ಕೊನೆಯಲ್ಲಿ ಹಾರಿದ ಚೀನಾದ ಶೆಂಝೌ–4 ನೌಕೆಯಲ್ಲೂ ಹನಿಗಳ ಇದೇ ಪಯಣವನ್ನು ಅಳೆದರು.

ಎಂಜಿನ್ ಇಲ್ಲ, ಗಾಳಿ ಬೀಸುತ್ತಿಲ್ಲ, ತೂಕದ ಎಳೆತವೂ ಇಲ್ಲ. ಇರುವುದು ಒಂದು ಕಡೆಯ ಬಿಸಿ, ಇನ್ನೊಂದು ಕಡೆಯ ತಂಪು. ಅಷ್ಟೇ ಹನಿಗೆ ಸಾಕಾಗುವುದು ಹೇಗೆ?

ಬಿಸಿಯಾದರೆ ಸಡಿಲ

ದ್ರವದ ಒಳಗಿರುವ ಅಣುವಿಗೆ ಸುತ್ತಲೂ ನೆಂಟರು. ಎಲ್ಲ ದಿಕ್ಕಿನಿಂದಲೂ ಸೆಳೆತ ಸಮ. ಮೇಲ್ಮೈಯಲ್ಲಿರುವ ಅಣುವಿಗೆ ಹೊರಗಡೆ ಹೇಳಿಕೊಳ್ಳುವಂಥ ಸೆಳೆತವಿಲ್ಲ. ಒಳಗಿನವು ಅದನ್ನು ಒಳಕ್ಕೆ ಎಳೆಯುತ್ತವೆ. ಹಾಗಾಗಿ ದ್ರವದ ಮೇಲ್ಮೈ ಸದಾ ಕುಗ್ಗಲು ನೋಡುತ್ತದೆ, ಹನಿ ದುಂಡಗಾಗುತ್ತದೆ. ಇದೇ ಮೇಲ್ಮೈ ಎಳೆತ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 73 ಮಿಲಿನ್ಯೂಟನ್. ಕುದಿಯುವ ಹೊತ್ತಿಗೆ ಅದು ಸುಮಾರು 59ಕ್ಕೆ ಇಳಿದಿರುತ್ತದೆ. ತಾಪ ಏರಿದಂತೆ ಅಣುಗಳ ಓಡಾಟ ಹೆಚ್ಚುತ್ತದೆ, ಪರಸ್ಪರ ಹಿಡಿತ ಸಡಿಲವಾಗುತ್ತದೆ.

ಒಂದೇ ಮೇಲ್ಮೈಯ ಒಂದು ಭಾಗ ಬಿಸಿಯಾಗಿ ಇನ್ನೊಂದು ಭಾಗ ತಂಪಾಗಿದ್ದರೆ ಬಿಸಿ ಕಡೆ ಎಳೆತ ಕಡಿಮೆ, ತಂಪು ಕಡೆ ಎಳೆತ ಹೆಚ್ಚು. ಹಗ್ಗಜಗ್ಗಾಟದಲ್ಲಿ ತಂಪಿನ ಪಕ್ಷ ಗೆಲ್ಲುತ್ತದೆ. ಮೇಲ್ಮೈ ಬಿಸಿಯಿಂದ ತಂಪಿನತ್ತ ಸರಿಯುತ್ತದೆ. ಸರಿಯುವಾಗ ತನಗೆ ಅಂಟಿಕೊಂಡಿರುವ ದ್ರವವನ್ನೂ ಎಳೆದೊಯ್ಯುತ್ತದೆ.

ಎಳೆತದ ವ್ಯತ್ಯಾಸದಿಂದ ದ್ರವ ಹರಿಯುವುದನ್ನು ಮೊದಲು ವಿವರಿಸಿದವರು ಲಾರ್ಡ್ ಕೆಲ್ವಿನ್‌ರ ಅಣ್ಣ ಜೇಮ್ಸ್ ಥಾಮ್ಸನ್. 1855ರಲ್ಲಿ ಅವರ ಗಮನ ಹೋದದ್ದು ಬಟ್ಟಲಿನ ವೈನ್ ಕಡೆಗೆ. ಗಾಜಿನ ಒಳಗೋಡೆಗೆ ಅಂಟಿದ ತೆಳುಪದರದಿಂದ ಮದ್ಯಸಾರ ಬೇಗ ಆವಿಯಾಗುತ್ತದೆ. ಅಲ್ಲಿ ನೀರಿನಂಶ ಹೆಚ್ಚಿ ಎಳೆತ ಬಲವಾಗುತ್ತದೆ. ಕೆಳಗಿನ ವೈನ್ ಗೋಡೆ ಹತ್ತಿ ಹನಿಗಟ್ಟಿ ಇಳಿಯುತ್ತದೆ. ಹತ್ತು ವರ್ಷಗಳ ನಂತರ, 1865ರಲ್ಲಿ, ಇಟಲಿಯ ಪಾವಿಯಾ ವಿಶ್ವವಿದ್ಯಾಲಯಕ್ಕೆ ಕಾರ್ಲೊ ಮರಾಂಗೋನಿ ಎಂಬ ಯುವಕ ಪ್ರಬಂಧವೊಂದನ್ನು ಸಲ್ಲಿಸಿದ. ಒಂದು ದ್ರವದ ಮೇಲೆ ತೇಲುವ ಇನ್ನೊಂದು ದ್ರವದ ಹನಿ ಹರಡುವ ಬಗೆ ಅದರ ವಿಷಯ. ಮುಂದೆ ಆತ ಫ್ಲಾರೆನ್ಸ್‌ನ ಶಾಲೆಯೊಂದರಲ್ಲಿ 45 ವರ್ಷ ಭೌತವಿಜ್ಞಾನ ಪಾಠ ಮಾಡಿದ. ಥಾಮ್ಸನ್ ಮೊದಲಿಗರಾದರೂ ಹೆಸರು ಉಳಿದದ್ದು ಈ ಮೇಷ್ಟರದೇ. ಇಂದು ಜಗತ್ತೆಲ್ಲ ಇದನ್ನು ಮರಾಂಗೋನಿ ಪರಿಣಾಮ ಎನ್ನುತ್ತದೆ.

ಮೇಲ್ಮೈ ಹಿಂದಕ್ಕೆ, ಹನಿ ಮುಂದಕ್ಕೆ

ಈಗ ಎಣ್ಣೆಯೊಳಗಿನ ಹನಿಗೆ ಬರೋಣ. ಅದರ ಒಂದು ಮಗ್ಗುಲು ಬಿಸಿ ಕಡೆಗಿದೆ, ಇನ್ನೊಂದು ತಂಪು ಕಡೆಗಿದೆ. ಮೇಲ್ಮೈ ಸುತ್ತಲೂ ಬಿಸಿ ಕಡೆಯಿಂದ ತಂಪು ಕಡೆಗೆ ಜಾರುತ್ತದೆ, ಹೊರಗಿನ ಎಣ್ಣೆಯನ್ನೂ ತಂಪಿನತ್ತ ತಳ್ಳುತ್ತದೆ. ತಳ್ಳಿದ್ದಕ್ಕೆ ಪ್ರತಿಯಾಗಿ ಹನಿ ಬಿಸಿಯತ್ತ ಸರಿಯುತ್ತದೆ. ಅಂಬಿಗ ಹುಟ್ಟಿನಿಂದ ನೀರನ್ನು ಹಿಂದಕ್ಕೆ ತಳ್ಳುತ್ತಾನೆ, ದೋಣಿ ಮುಂದೆ ಹೋಗುತ್ತದೆ. ಇಲ್ಲಿ ಹನಿಯ ಇಡೀ ಮೈಯೇ ಹುಟ್ಟು.

ಇದನ್ನು ಲೆಕ್ಕಕ್ಕೂ ಪ್ರಯೋಗಕ್ಕೂ ಇಳಿಸಿದವರು ಎನ್. ಒ. ಯಂಗ್, ಜೆ. ಎಸ್. ಗೋಲ್ಡ್‌ಸ್ಟೀನ್ ಮತ್ತು ಎಂ. ಜೆ. ಬ್ಲಾಕ್. ಅವರ ಪ್ರಬಂಧ ಪ್ರಕಟವಾದದ್ದು 1959ರಲ್ಲಿ. ಉಪಕರಣ ಬಹಳ ಸರಳ. ಯಂತ್ರದಂಗಡಿಯಲ್ಲಿ ತಗಡಿನ ದಪ್ಪ ಅಳೆಯುವ ಮೈಕ್ರೋಮೀಟರಿನ ಎರಡು ತುದಿಗಳ ನಡುವೆ ಸಿಲಿಕೋನ್ ಎಣ್ಣೆಯ ಪುಟ್ಟ ಕಂಬ ನಿಲ್ಲಿಸಿದರು, ಅದರಲ್ಲಿ ಸಣ್ಣ ಗುಳ್ಳೆಗಳನ್ನು ಬಿಟ್ಟರು, ಕೆಳಗಡೆಯಿಂದ ಕಾಯಿಸಿದರು. ಗುಳ್ಳೆಯನ್ನು ತೇಲುಬಲ ಮೇಲಕ್ಕೆ ಎತ್ತುತ್ತದೆ, ತಾಪದ ವ್ಯತ್ಯಾಸ ಬಿಸಿ ಇರುವ ಕೆಳಗಡೆಗೆ ಕರೆಯುತ್ತದೆ. ಕಾವನ್ನು ಹದಕ್ಕೆ ತಂದಾಗ ಗುಳ್ಳೆ ನಡುವೆಯೇ ನಿಂತಿತು. ಇನ್ನಷ್ಟು ಕಾಯಿಸಿದಾಗ ಕೆಳಕ್ಕೆ ಇಳಿಯಿತು.

ಅವರ ಸೂತ್ರದಲ್ಲಿ ಹನಿಯ ವೇಗ ಅದರ ತ್ರಿಜ್ಯಕ್ಕೆ ಅನುಗುಣವಾಗಿ ಏರುತ್ತದೆ. ತ್ರಿಜ್ಯ ಇಮ್ಮಡಿಯಾದರೆ ವೇಗವೂ ಇಮ್ಮಡಿ. ತೇಲುಬಲದಿಂದ ಬರುವ ವೇಗ ಮಾತ್ರ, ನಿಧಾನ ಹರಿವಿನಲ್ಲಿ, ತ್ರಿಜ್ಯದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ತ್ರಿಜ್ಯ ಇಮ್ಮಡಿಯಾದರೆ ವೇಗ ನಾಲ್ಕು ಪಟ್ಟು. ಇಡೀ ವಿದ್ಯಮಾನದ ಕೀಲಿಕೈ ಇಲ್ಲಿದೆ. ನೀರಿಗಿಂತ ಹತ್ತು ಪಟ್ಟು ಮಂದವಾದ ಸಿಲಿಕೋನ್ ಎಣ್ಣೆಯಲ್ಲಿ, ಪ್ರತಿ ಮಿಲಿಮೀಟರಿಗೆ ಒಂದು ಡಿಗ್ರಿಯಂತೆ ತಾಪ ಏರುತ್ತಿದ್ದರೆ, 1 ಮಿ.ಮೀ. ತ್ರಿಜ್ಯದ ಗುಳ್ಳೆಗೆ ಸೂತ್ರ ಕೊಡುವ ವೇಗ ಸೆಕೆಂಡಿಗೆ ಸುಮಾರು 3 ಮಿ.ಮೀ. ನೆಲದ ಮೇಲೆ ಅದೇ ಗುಳ್ಳೆ ಇದರ ಹತ್ತಾರು ಪಟ್ಟು ವೇಗದಲ್ಲಿ ಮೇಲೇರಿ ಹೋಗುತ್ತದೆ. ತಾಪದ ಸೆಳೆತ ಯಾರ ಕಣ್ಣಿಗೂ ಬೀಳುವುದಿಲ್ಲ. ತ್ರಿಜ್ಯ ಮಿಲಿಮೀಟರಿನ ನೂರನೇ ಒಂದು ಭಾಗಕ್ಕೆ ಇಳಿದರೆ ಎರಡೂ ಬಲ ಸರಿಸಮ. ಅದಕ್ಕಿಂತ ಸಣ್ಣದಾದರೆ ಗುರುತ್ವವೇ ಸೋಲುತ್ತದೆ.

ಅಂದರೆ ಈ ಬಲ ಬಾಹ್ಯಾಕಾಶದಲ್ಲಿ ಹೊಸದಾಗಿ ಹುಟ್ಟಿಕೊಂಡದ್ದಲ್ಲ. ನಮ್ಮ ಸುತ್ತ ಯಾವಾಗಲೂ ಇತ್ತು, ಗುರುತ್ವದ ಅಬ್ಬರದಲ್ಲಿ ಅಡಗಿತ್ತು. ಗುರುತ್ವದಿಂದ ಬಿಡಿಸಿಕೊಳ್ಳಲು ಎರಡು ದಾರಿ: ಕಕ್ಷೆಗೆ ಹೋಗುವುದು, ಇಲ್ಲವೇ ಹನಿಯನ್ನು ಕೂದಲೆಳೆಗಿಂತ ಸಣ್ಣದು ಮಾಡುವುದು.

ಈ ಪ್ರಯೋಗಗಳಲ್ಲಿ ಮತ್ತೆಮತ್ತೆ ಸಿಲಿಕೋನ್ ಎಣ್ಣೆಯೇ ಬರುವುದಕ್ಕೆ ಕಾರಣವಿದೆ. ನೀರಿನ ಮೇಲ್ಮೈ ಎಳೆತ ಹೆಚ್ಚು. ಕೈಯ ಜಿಡ್ಡು, ಸೋಪಿನ ಕಣ, ಗಾಳಿಯ ಕೊಳೆ ಯಾವುದು ಸಿಕ್ಕರೂ ಅದರ ಮೇಲ್ಮೈಗೆ ಬಂದು ಕೂರುತ್ತದೆ. ಹರಿವು ಆ ಕೊಳೆಯನ್ನು ತಂಪು ಮಗ್ಗುಲಿಗೆ ಗುಡಿಸಿ ಗುಡ್ಡೆ ಹಾಕುತ್ತದೆ. ಕೊಳೆ ಸೇರಿದಲ್ಲಿ ಎಳೆತ ತಗ್ಗುತ್ತದೆ. ಬಿಸಿಗೂ ತಂಪಿಗೂ ಇದ್ದ ವ್ಯತ್ಯಾಸ ಅಳಿಸಿಹೋಗಿ ಹನಿ ನಿಂತುಬಿಡುತ್ತದೆ. ಸಿಲಿಕೋನ್ ಎಣ್ಣೆಯ ಎಳೆತ ಮೊದಲೇ ಕಡಿಮೆಯಾದ್ದರಿಂದ ಕೊಳೆಗೆ ಅಲ್ಲಿ ಕೂರಲು ಆಸೆಯಿಲ್ಲ.

ಆಕಾರ ಕೊಡುವ ಸಾಕ್ಷಿ

ಮೇಲೆ ಹೇಳಿದ ಬ್ಲಾಕ್ ಈ ಕ್ಷೇತ್ರಕ್ಕೆ ಬಂದದ್ದು ಹಳೆಯ ಒಗಟೊಂದರ ಮೂಲಕ. 1900ರಲ್ಲಿ ಫ್ರಾನ್ಸಿನ ಆಂರಿ ಬೆನಾರ್, ತಿಮಿಂಗಿಲದ ಮೇಣದಂಥ ಕೊಬ್ಬನ್ನು ಕರಗಿಸಿ ತೆಳ್ಳಗೆ ಹರಡಿ ಕೆಳಗಿನಿಂದ ಕಾಯಿಸಿದಾಗ, ಅದರ ಮೇಲ್ಮೈ ಆರು ಮೂಲೆಯ ಕೋಶಗಳಾಗಿ ಹಂಚಿಹೋಯಿತು. 1916ರಲ್ಲಿ ಲಾರ್ಡ್ ರೇಲಿ ಇದಕ್ಕೆ ಗುರುತ್ವದ ವಿವರಣೆ ಕೊಟ್ಟರು: ಕೆಳಗಿನ ಬಿಸಿ ದ್ರವ ಹಗುರಾಗಿ ಮೇಲೇರುತ್ತದೆ, ಮೇಲಿನದು ಇಳಿಯುತ್ತದೆ. ವಿವರಣೆ ಸುಂದರವಾಗಿತ್ತು, ದಶಕಗಳ ಕಾಲ ಎಲ್ಲರೂ ಒಪ್ಪಿದ್ದರು. ಆದರೆ ಕೋಶದ ನಡುಭಾಗ ತುಸು ತಗ್ಗಾಗಿತ್ತು. ಗುರುತ್ವದಿಂದ ಏರಿ ಬರುವ ಹರಿವಾಗಿದ್ದರೆ ಅಲ್ಲಿ ಉಬ್ಬಿರಬೇಕು. ನಡುವಿನ ಬಿಸಿ ಜಾಗದಿಂದ ಮೇಲ್ಮೈ ಸುತ್ತಲಿನ ತಂಪಿನತ್ತ ಜಾರಿದ್ದರೆ ಮಾತ್ರ ತಗ್ಗು ಬೀಳುತ್ತದೆ. 1956ರಲ್ಲಿ ಬ್ಲಾಕ್ ಪ್ರಯೋಗದಿಂದ, 1958ರಲ್ಲಿ ಪಿಯರ್‌ಸನ್ ಗಣಿತದಿಂದ, ಬೆನಾರ್ ಕಂಡ ಕೋಶಗಳ ನಿಜವಾದ ಕರ್ತೃ ಮೇಲ್ಮೈ ಎಳೆತ ಎಂದು ತೋರಿಸಿದರು. ಆಕಾರದ ಸಣ್ಣ ವ್ಯತ್ಯಾಸವೇ ಯಾವ ಬಲ ಕೆಲಸ ಮಾಡಿದೆ ಎಂದು ಬಾಯಿ ಬಿಟ್ಟಿತ್ತು.

ಸಾಗುವ ಹನಿಯ ಆಕಾರವೂ ಹೀಗೆಯೇ ಒಂದು ಸಾಕ್ಷಿ. ತಾಪ ಸಮನಾಗಿ ಏರುತ್ತ ಹೋಗುವ ದ್ರವದಲ್ಲಿ ನಿಧಾನವಾಗಿ ಸಾಗುವ ಹನಿ ಪೂರ್ತಿ ಗೋಳವಾಗಿಯೇ ಇರುತ್ತದೆ. ಒಳಗೆ ಸುಳಿ, ಹೊರಗೆ ಹರಿವು, ಮೇಲ್ಮೈಯಲ್ಲಿ ಜಾರಾಟ ಎಲ್ಲ ನಡೆಯುತ್ತಿದ್ದರೂ ಅವುಗಳ ಒತ್ತಡಗಳು ಪರಸ್ಪರ ಸರಿದೂಗುತ್ತವೆ. ವೇಗ ಹೆಚ್ಚಿ ಹರಿವಿನ ಜಡತ್ವ ಮೇಲುಗೈ ಪಡೆದಾಗ ದುಂಡು ಕೆಡುತ್ತದೆ. ಸುತ್ತಲಿನ ದ್ರವಕ್ಕಿಂತ ಹಗುರವಾದ ಗುಳ್ಳೆ ಸಾಗುವ ದಿಕ್ಕಿನಲ್ಲಿ ಚಪ್ಪಟೆಯಾಗುತ್ತದೆ. ಸುತ್ತಲಿನದಕ್ಕಿಂತ ಸಾಂದ್ರವಾದ ಹನಿ ಅದೇ ದಿಕ್ಕಿನಲ್ಲಿ ಉದ್ದವಾಗುತ್ತದೆ. ಬಾಲಸುಬ್ರಮಣಿಯಂ ಮತ್ತು ಆನ್–ಟಿ ಚಾಯ್ 1987ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು.

ಆಕಾರ ಬದಲಾದರೆ ಹನಿಗೆ ಲಾಭವೋ ನಷ್ಟವೋ? 1997ರಲ್ಲಿ ಹೊಸೈನ್ ಹಜ್–ಹರೀರಿ, ಅಲಿ ಬೊರ್ಹಾನ್ ಮತ್ತು ಜೊತೆಗಾರರು ಕಂಪ್ಯೂಟರಿನಲ್ಲಿ ಹನಿಯನ್ನು ಓಡಿಸಿ ಕಂಡ ಉತ್ತರ, ನಷ್ಟ. ಮೈ ಬಾಗಿದ ಹನಿ ದುಂಡು ಹನಿಗಿಂತ ನಿಧಾನ. ಅದರ ಮೇಲೆ ಇನ್ನೊಂದು ಹೊಡೆತವೂ ಇದೆ. ಹನಿ ವೇಗವಾಗಿ ಹೋದಷ್ಟೂ ಅದರ ಸುತ್ತಲಿನ ಹರಿವು ಮುಂಭಾಗದ ಬಿಸಿ ದ್ರವವನ್ನು ಹಿಂಭಾಗಕ್ಕೆ ಹೊತ್ತೊಯ್ದು ಸುರಿಯುತ್ತದೆ. ಯಾವ ತಾಪದ ವ್ಯತ್ಯಾಸದಿಂದ ಹನಿ ಓಡುತ್ತಿದೆಯೋ ಆ ವ್ಯತ್ಯಾಸವನ್ನು ಅದರ ಓಟವೇ ಕರಗಿಸುತ್ತದೆ. ಕೊಲಂಬಿಯಾದಲ್ಲಿ ಅಳೆದ ದೊಡ್ಡ ಗುಳ್ಳೆ, ಹನಿಗಳು ಯಂಗ್ ಸೂತ್ರ ಹೇಳಿದ್ದಕ್ಕಿಂತ ನಿಧಾನವಾಗಿ ಸಾಗಿದ್ದು ಇದಕ್ಕೇ. ಸಣ್ಣ ಹನಿ ಮುಂದೆ, ದೊಡ್ಡ ಹನಿ ಹಿಂದೆ ಹೊರಟಾಗಲೂ ಇದೇ ಆಟ. ವೇಗವಾಗಿ ಹೋಗಬೇಕಾದ ದೊಡ್ಡದು, ಮುಂದಿನದು ಕದಡಿಟ್ಟ ತಾಪದಲ್ಲಿ ಸಿಕ್ಕಿ ತಡವರಿಸುತ್ತಿತ್ತು.

ಗಟ್ಟಿ ನೆಲದ ಮೇಲೆ ದಿಕ್ಕೇ ಬೇರೆ

ಇಷ್ಟು ಓದಿದ ಮೇಲೆ ಹನಿ ಯಾವಾಗಲೂ ಬಿಸಿಯತ್ತಲೇ ಓಡುತ್ತದೆ ಎನ್ನಿಸಬಹುದು. ಹನಿಯನ್ನು ದ್ರವದಿಂದ ತೆಗೆದು ತಟ್ಟೆಯ ಮೇಲಿಡಿ, ಅದು ತಂಪಿನತ್ತ ಓಡುತ್ತದೆ. ತಟ್ಟೆಯ ಮೇಲಿನ ಹನಿಯ ಸುತ್ತ ಇರುವುದು ಗಾಳಿ. ಅದನ್ನು ತಳ್ಳಿ ಮುನ್ನುಗ್ಗಲು ಸಾಧ್ಯವಿಲ್ಲ. ತಂಪಿನತ್ತ ಜಾರುವ ಮೇಲ್ಮೈ ಹನಿಯ ಒಡಲನ್ನೂ ಅತ್ತಲೇ ಎಳೆದೊಯ್ಯುತ್ತದೆ. 1924ರಲ್ಲೇ ಫ್ರಾನ್ಸಿನ ಆಂರಿ ಬುವಾಸ್, ತುಸು ವಾಲಿಸಿದ ತಂತಿಯ ಕೆಳತುದಿಯನ್ನು ಕಾಯಿಸಿದರೆ ಅದರ ಮೇಲಿನ ಹನಿ ಗುರುತ್ವಕ್ಕೆ ಎದುರಾಗಿ ಮೇಲೇರುವುದನ್ನು ತೋರಿಸಿದ್ದರು. ದಿಕ್ಕನ್ನು ತೀರ್ಮಾನಿಸುವುದು ಬಿಸಿಯೊಂದೇ ಅಲ್ಲ, ಹನಿ ಯಾವುದಕ್ಕೆ ಮೈಯೊತ್ತಿದೆ ಎಂಬುದೂ ಹೌದು.

ನೆಲದ ಮೇಲಿನ ಹನಿಗೆ ಆಕಾರ ಬದಲಿಸದೆ ನಡೆಯಲಾಗದು. ಅದರ ಮುಂದಿನ ಅಂಚು ಮುಂದಡಿ ಇಡಬೇಕಾದರೆ ಉಬ್ಬಬೇಕು, ಹಿಂದಿನ ಅಂಚು ಕಾಲು ಕೀಳಬೇಕಾದರೆ ಚಪ್ಪಟೆಯಾಗಬೇಕು. ಮೇಲ್ಮೈಯ ಒರಟು, ಕೊಳೆ ಅಂಚನ್ನು ಹಿಡಿದಿಡುತ್ತವೆ. 1989ರಲ್ಲಿ ಪ್ಯಾರಿಸ್ಸಿನ ಫ್ರಾನ್ಸ್ವಾಸ್ ಬ್ರೊಷಾರ್ ಇದರ ಸಿದ್ಧಾಂತ ಕಟ್ಟಿದರು. 1993ರಲ್ಲಿ ಅವರೂ ಜೊತೆಗಾರರೂ ನುಣುಪಾದ ಸಿಲಿಕಾನ್ ಬಿಲ್ಲೆಗಳ ಮೇಲೆ ಸಿಲಿಕೋನ್ ಎಣ್ಣೆಯ ಹನಿಗಳನ್ನು ಓಡಿಸಿ ನೋಡಿದಾಗ, ದೊಡ್ಡ ಹನಿಗಳು ತ್ರಿಜ್ಯಕ್ಕೆ ತಕ್ಕ ವೇಗದಲ್ಲಿ ತಂಪಿನತ್ತ ಸಾಗಿದವು. ಒಂದು ಮಿತಿಗಿಂತ ಸಣ್ಣ ಹನಿಗಳು ಇದ್ದಲ್ಲಿಂದ ಅಲ್ಲಾಡಲಿಲ್ಲ. ಅವುಗಳ ಎರಡು ಅಂಚುಗಳ ನಡುವೆ ಸಿಗುವ ತಾಪದ ವ್ಯತ್ಯಾಸ ಹಿಡಿತ ಬಿಡಿಸಲು ಸಾಲುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಇದನ್ನು ಎಲ್ಲರೂ ಕಂಡಿರುತ್ತಾರೆ. ಬಾಣಲೆಗೆ ತೆಳ್ಳಗೆ ಎಣ್ಣೆ ಸವರಿ ಒಲೆಯ ಮೇಲಿಟ್ಟರೆ ನಡುವಿನ ಎಣ್ಣೆ ಅಂಚಿಗೆ ಓಡಿ, ನಡುವೆ ಒಣ ಮಚ್ಚೆ ಉಳಿಯುತ್ತದೆ. ಪದಾರ್ಥ ತಳ ಹಿಡಿಯುವುದೂ ಅಲ್ಲೇ. 2021ರಲ್ಲಿ ಝೆಕ್ ವಿಜ್ಞಾನ ಅಕಾಡೆಮಿಯ ಅಲೆಕ್ಸಾಂಡರ್ ಫೆಡೊರ್ಚೆಂಕೊ ಮತ್ತು ಯಾನ್ ಹ್ರುಬಿ ಸೂರ್ಯಕಾಂತಿ ಎಣ್ಣೆ ಸವರಿದ ಬಾಣಲೆಗಳನ್ನು ವಿಡಿಯೊದಲ್ಲಿ ಸೆರೆಹಿಡಿದು ಈ ಮಚ್ಚೆ ಬೆಳೆಯುವ ವೇಗ ಅಳೆದರು. ಎಣ್ಣೆಯ ಪದರ ದಪ್ಪಗಿರಲಿ, ಉರಿ ಮಧ್ಯಮವಾಗಿರಲಿ, ಬಾಣಲೆಯ ತಳ ದಪ್ಪಗಿರಲಿ, ಆಗಾಗ ಕೈಯಾಡಿಸಿ ಎಂಬುದು ಅವರ ಸಲಹೆ. ಅಡುಗೆ ಮಾಡುವವರಿಗೆ ಇದು ಹೊಸದಲ್ಲ, ಕಾರಣ ಮಾತ್ರ ಹೊಸದು. ಕೆಂಪಗೆ ಕಾದ ಕಾವಲಿಗೆ ನೀರು ಚಿಮುಕಿಸಿದಾಗ ಹನಿಗಳು ಉರುಳಾಡುವುದನ್ನು ಇದರೊಂದಿಗೆ ಬೆರೆಸಬಾರದು. 1756ರಲ್ಲಿ ಲೈಡನ್‌ಫ್ರಾಸ್ಟ್ ವಿವರಿಸಿದ ಆ ಆಟದಲ್ಲಿ ಹನಿ ತನ್ನದೇ ಆವಿಯ ಹಾಸಿನ ಮೇಲೆ ತೇಲುತ್ತದೆ.

ಕೂಡಲೊಲ್ಲದ ಹನಿಗಳು

ಒಂದೇ ಎಣ್ಣೆಯ ಎರಡು ಹನಿಗಳನ್ನು ತಾಗಿಸಿದರೆ ಕ್ಷಣದಲ್ಲಿ ಕೂಡಿ ಒಂದಾಗಬೇಕು. ಒಂದನ್ನು ಕೆಲವು ಡಿಗ್ರಿ ಹೆಚ್ಚು ಬಿಸಿ ಮಾಡಿದರೆ ಅವು ಕೂಡುವುದಿಲ್ಲ. ಒತ್ತಿದರೆ ಎರಡೂ ಚಪ್ಪಟೆಯಾಗುತ್ತವೆ, ಬಾಗುತ್ತವೆ, ಆದರೂ ಬೇರೆಯಾಗಿಯೇ ಇರುತ್ತವೆ. 1996ರಲ್ಲಿ ಇಟಲಿಯ ಪಾಸ್ಕ್ವಾಲೆ ಡೆಲ್‌ಅವೆರ್ಸಾನಾ, ಅಮೆರಿಕದ ಜಯಂತ್ ಬನಾವರ್ ಮತ್ತು ಜೋಯೆಲ್ ಕೊಪ್ಲಿಕ್ ಇದನ್ನು ವಿವರಿಸಿದರು. ತಾಪದ ವ್ಯತ್ಯಾಸದಿಂದ ಎರಡೂ ಹನಿಗಳ ಮೇಲ್ಮೈ ಹರಿಯುತ್ತಿರುತ್ತದೆ. ಆ ಹರಿವು ನಡುವಿನ ಸಂದಿಗೆ ಸುತ್ತಲಿನ ಗಾಳಿಯನ್ನು ಎಡೆಬಿಡದೆ ಎಳೆದು ತುಂಬುತ್ತದೆ. ತೆಳುವಾದ ಗಾಳಿಯ ಪದರ ಒಡೆಯದೆ ಉಳಿದು ಹನಿಗಳನ್ನು ದೂರವಿಡುತ್ತದೆ. ಈ ಮೂವರಲ್ಲಿ ಬನಾವರ್ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ, ಎಂಎಸ್ಸಿ ಓದಿ ಹೋದವರು.

ಇಲ್ಲಿ ಹನಿಯ ಮೈ ಬಾಗದಿದ್ದರೆ ಆಟ ನಡೆಯುವುದಿಲ್ಲ. ಚಪ್ಪಟೆಯಾದಾಗಲೇ ಗಾಳಿಯ ಪದರಕ್ಕೆ ಅಗಲ ಸಿಗುತ್ತದೆ, ಒತ್ತಡ ತಾಳುವ ಶಕ್ತಿ ಬರುತ್ತದೆ.

ಲೋಹಶಾಲೆಯ ಪಾಠ

ಅಲ್ಯುಮಿನಿಯಂ ಜೊತೆ ಸೀಸ, ಬಿಸ್ಮತ್, ಇಂಡಿಯಂ ಸುಲಭವಾಗಿ ಬೆರೆಯುವುದಿಲ್ಲ. ತುಂಬ ಕಾಯಿಸಿದಾಗ ಒಂದಾಗಿರುವ ದ್ರವ, ತಣಿಯುತ್ತಿದ್ದಂತೆ ಒಡೆದು ಒಂದರೊಳಗೆ ಇನ್ನೊಂದರ ಹನಿಗಳಾಗುತ್ತದೆ. ಭಾರದ ಹನಿಗಳು ತಳ ಸೇರುತ್ತವೆ. ಗಟ್ಟಿ ಅಲ್ಯುಮಿನಿಯಂ ನಡುವೆ ಮೆತ್ತನೆಯ ಲೋಹದ ಹನಿಗಳು ಸಮನಾಗಿ ಹರಡಿದ್ದರೆ ಎಂಜಿನ್ನಿನ ಬೇರಿಂಗ್‌ಗೆ ಒಳ್ಳೆಯ ವಸ್ತು ಸಿಗುತ್ತದೆ. ತಳ ಸೇರುವುದಕ್ಕೆ ಗುರುತ್ವ ಕಾರಣವಾದರೆ ತೂಕವಿಲ್ಲದ ಕಡೆ ಎರಕ ಹೊಯ್ದರಾಯಿತು ಎಂದುಕೊಂಡು 1970ರ ದಶಕದಲ್ಲಿ ಕೆಲವು ನಿಮಿಷಗಳ ರಾಕೆಟ್ ಹಾರಾಟಗಳಲ್ಲಿ ಪ್ರಯೋಗ ನಡೆಸಿದರು. ಮರಳಿ ಬಂದ ಲೋಹದ ತುಂಡುಗಳನ್ನು ಕೊಯ್ದು ನೋಡಿದರೆ ಲೋಹಗಳು ಬೇರೆಬೇರೆಯಾಗಿಯೇ ಗಟ್ಟಿಯಾಗಿದ್ದವು. ಮೂಸೆಯ ಗೋಡೆಗೆ ಅಂಟುವ ಗುಣದ ಜೊತೆಗೆ, ತಣಿಯುವ ಲೋಹದಲ್ಲಿ ತಾನಾಗಿ ಏಳುವ ತಾಪದ ವ್ಯತ್ಯಾಸವೂ ಹನಿಗಳನ್ನು ಸಾಗಿಸಿತ್ತು.

ಈ ಸೋಲಿನಿಂದಲೇ ಒಂದು ಉಪಾಯ ಹೊಳೆಯಿತು. ಎರಕವನ್ನು ಕೆಳಗಿನಿಂದ ವೇಗವಾಗಿ ತಣಿಸಿದರೆ ಬಿಸಿ ಇರುವುದು ಮೇಲೆ. ಭಾರದ ಹನಿ ಗುರುತ್ವದಿಂದ ಕೆಳಗೆ ಇಳಿಯಬೇಕು, ತಾಪದ ಸೆಳೆತದಿಂದ ಮೇಲೇರಬೇಕು. ಎರಡನ್ನೂ ಸರಿದೂಗಿಸಿದರೆ ಹನಿ ಹುಟ್ಟಿದಲ್ಲೇ ಗಟ್ಟಿಯಾಗುತ್ತದೆ. 1990ರ ದಶಕದಲ್ಲಿ ಜರ್ಮನಿಯ ಸಂಶೋಧಕರು ನೆಲದ ಮೇಲೆಯೇ ಹೀಗೆ ಎರಕ ಹೊಯ್ಯುವ ವಿಧಾನ ರೂಪಿಸಿದರು. ಮೈಕ್ರೋಮೀಟರಿನ ತುದಿಗಳ ನಡುವೆ ಗುಳ್ಳೆಯನ್ನು ನಿಲ್ಲಿಸಿದ್ದ ತತ್ವ ಕಾರ್ಖಾನೆಯ ಬಾಗಿಲಿಗೆ ಬಂದದ್ದು ಹೀಗೆ.

ಬೆಸುಗೆ ಹಾಕುವವರಿಗೂ ಇದರ ಬಿಸಿ ತಟ್ಟಿದೆ. ಒಂದೇ ಬಗೆಯ ಸ್ಟೇನ್‌ಲೆಸ್ ಸ್ಟೀಲ್, ಒಂದೇ ಬೆಸುಗೆ ಯಂತ್ರ, ಒಂದೇ ಕರೆಂಟ್. ಆದರೂ ಒಂದು ತಗಡಿನಲ್ಲಿ ಬೆಸುಗೆ ಆಳಕ್ಕಿಳಿಯುತ್ತದೆ, ಇನ್ನೊಂದರಲ್ಲಿ ಅಗಲವಾಗಿ ಮೇಲೆಯೇ ಹರಡುತ್ತದೆ. 1982ರಲ್ಲಿ ಅಮೆರಿಕದ ಹೀಪಲ್ ಮತ್ತು ರೋಪರ್ ಇದಕ್ಕೆ ಕಾರಣ ಹೇಳಿದರು. ಉಕ್ಕಿನಲ್ಲಿ ಲಕ್ಷದಲ್ಲಿ ಕೆಲವು ಪಾಲಿನಷ್ಟು ಗಂಧಕ ಇದ್ದರೆ ಸಾಕು, ಕರಗಿದ ಉಕ್ಕಿನ ಮೇಲ್ಮೈ ಎಳೆತ ತಾಪದೊಂದಿಗೆ ಇಳಿಯುವ ಬದಲು ಏರತೊಡಗುತ್ತದೆ. ಆಗ ಹರಿವು ಅಂಚಿನಿಂದ ನಡುವಿಗೆ ಬಂದು ಬಿಸಿಯನ್ನು ಆಳಕ್ಕೆ ಇಳಿಸುತ್ತದೆ. ಗಂಧಕ ತೀರ ಕಡಿಮೆಯಾದರೆ ಹರಿವು ಹೊರಮುಖ, ಬೆಸುಗೆ ತೆಳು. ಉಕ್ಕು ಶುದ್ಧವಾದಷ್ಟೂ ಬೆಸುಗೆ ಕಷ್ಟವಾಗುವ ವಿಚಿತ್ರಕ್ಕೆ ಇದೇ ವಿವರಣೆ.

ತಿರುಗಿ ಓಡುವ ದ್ರವಗಳು

ನೀರಿಗೆ ಬ್ಯೂಟನಾಲ್‌ನಂಥ ಉದ್ದ ಸರಪಳಿಯ ಆಲ್ಕೊಹಾಲ್ ತುಸು ಬೆರೆಸಿದರೂ ಗಂಧಕವಿರುವ ಉಕ್ಕಿನಲ್ಲಿ ಆದಂತೆಯೇ ಆಗುತ್ತದೆ. ತಾಪ ಏರಿದಂತೆ ಎಳೆತ ಒಂದು ಹಂತದವರೆಗೆ ಇಳಿದು, ಆಮೇಲೆ ಏರತೊಡಗುತ್ತದೆ ಎಂದು 1973ರಲ್ಲಿ ಬೆಲ್ಜಿಯಂನ ವೊಖ್ಟೆನ್ ಮತ್ತು ಪೆತ್ರೆ ತೋರಿಸಿದರು. ಇಂಥ ದ್ರವದಲ್ಲಿ ಮೇಲ್ಮೈ ಬಿಸಿ ಜಾಗದತ್ತ ಹರಿದು ಅದನ್ನು ಮತ್ತೆಮತ್ತೆ ತೋಯಿಸುತ್ತದೆ. ಐಐಟಿ ಹೈದರಾಬಾದ್‌ನ ಕೀರ್ತಿಚಂದ್ರ ಸಾಹು ಮತ್ತು ಜೊತೆಗಾರರು 2015ರಲ್ಲಿ ಇಂಥ ದ್ರವ ತುಂಬಿದ, ಗೋಡೆ ಬಿಸಿಯಾಗುತ್ತ ಹೋಗುವ ಕೊಳವೆಯಲ್ಲಿ ಗುಳ್ಳೆಯ ಗತಿಯನ್ನು ಲೆಕ್ಕ ಹಾಕಿದರು. ಮೇಲೇರುತ್ತಿದ್ದ ಗುಳ್ಳೆ ನಿಧಾನವಾಗಿ ನಿಲ್ಲುತ್ತದೆ, ಕೆಲವೊಮ್ಮೆ ಹಿಂದಿರುಗುತ್ತದೆ, ಕೆಲವೊಮ್ಮೆ ಕೊಳವೆಯ ಉದ್ದಕ್ಕೆ ಹಿಗ್ಗುತ್ತದೆ. ಸಾಹು ಡಾಕ್ಟರೇಟ್ ಪಡೆದದ್ದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ.

ಹನಿಯನ್ನು ಬೇಕಾದೆಡೆ ನಿಲ್ಲಿಸಲು, ತಿರುಗಿಸಲು ಇದು ಉಪಯುಕ್ತ ವಿದ್ಯೆ. ರಕ್ತ ಪರೀಕ್ಷೆಯಂಥ ಕೆಲಸಗಳನ್ನು ಅಂಚೆಚೀಟಿಯಷ್ಟು ಗಾಜಿನ ಮೇಲೆ ಮಾಡುವ ಸೂಕ್ಷ್ಮ ಕಾಲುವೆಗಳಲ್ಲಿ ಪಂಪು, ಕವಾಟ ಜೋಡಿಸುವುದು ಕಷ್ಟ. ಫ್ರಾನ್ಸಿನ ಷಾರ್ಲ್ ಬಾರೂ ತಂಡ 2007ರಲ್ಲಿ ಲೇಸರ್ ಕಿರಣದಿಂದ ಕಾಲುವೆಯ ಒಂದು ಬಿಂದುವನ್ನು ಕಾಯಿಸಿ ಹನಿಯನ್ನು ಅಲ್ಲೇ ತಡೆದು ನಿಲ್ಲಿಸಿತು. ಅಲುಗಾಡುವ ಭಾಗವೇ ಇಲ್ಲದ ಕವಾಟ ಅದು.

ಕಕ್ಷೆಯಲ್ಲಿ ಇದೇ ಬಲ ತೊಂದರೆಯನ್ನೂ ತರುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಪೆಂಟೇನ್ ತುಂಬಿದ, ಬಿಸಿಯನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಸಾಗಿಸುವ ಗಾಜಿನ ಶಾಖನಳಿಕೆಯೊಂದನ್ನು ಪರೀಕ್ಷಿಸಿದರು. ಕಾಯಿಸಿದ ತುದಿಯಿಂದ ದ್ರವ ತಂಪಿನತ್ತ ಓಡಿ ಆ ತುದಿ ಒಣಗುತ್ತದೆಂದು ನಿರೀಕ್ಷಿಸಿದ್ದರು. ನಡೆದದ್ದು ತದ್ವಿರುದ್ಧ: ಬಿಸಿ ತುದಿಯ ಬಳಿಯೇ ದ್ರವ ತುಂಬಿಕೊಂಡಿತು. ಮೂಲೆಗಳಿಂದ ದ್ರವವನ್ನು ಎಳೆದು ತರುವ ಸೆಳೆತಕ್ಕೂ ತಾಪದ ಹರಿವಿಗೂ ನಡುವೆ ನಡೆದ ಗುದ್ದಾಟದ ಫಲ ಅದು ಎಂದು ರೆನ್ಸೆಲರ್ ಸಂಸ್ಥೆಯ ಸಂಶೋಧಕರು 2015ರಲ್ಲಿ ವಿವರಿಸಿದರು. ತೂಕ ಇಲ್ಲದ ಕಡೆ ದ್ರವ ಸುಮ್ಮನಿರುತ್ತದೆಂದು ನಂಬಿ ಯಂತ್ರ ಕಟ್ಟಿದವರು ಮೋಸ ಹೋಗುತ್ತಾರೆ. ಗಗನಯಾನಕ್ಕೆ ಸಿದ್ಧವಾಗುತ್ತಿರುವ ನಮ್ಮ ಎಂಜಿನಿಯರುಗಳಿಗೂ ಇದು ಪುಸ್ತಕದ ಬದನೆಕಾಯಿಯಲ್ಲ.

ಮೇಲ್ಮೈ ಎಳೆತ ನಮ್ಮ ಪ್ರಥಮ ಪಿಯುಸಿ ಭೌತವಿಜ್ಞಾನದ ಪಾಠದಲ್ಲಿದೆ. ತಾಪ ಏರಿದರೆ ಅದು ಸಾಮಾನ್ಯವಾಗಿ ಇಳಿಯುತ್ತದೆ ಎಂಬ ಸಾಲೂ ಅಲ್ಲಿದೆ. ಪರೀಕ್ಷೆಗೆ ಒಂದು ಅಂಕದ ಪ್ರಶ್ನೆಯಾಗಿ ಅದು ಮುಗಿದುಹೋಗುತ್ತದೆ. ಉಪನ್ಯಾಸಕರಲ್ಲಿ ಒಂದು ವಿನಂತಿ: ಆ ಸಾಲಿಗೆ ಬಂದಾಗ ಸ್ಟೀಲ್ ತಟ್ಟೆಯೊಂದಕ್ಕೆ ತೆಳ್ಳಗೆ ಅಡುಗೆ ಎಣ್ಣೆ ಸವರಿ, ನಡುವಿಗೆ ಕೆಳಗಿನಿಂದ ಮೇಣದಬತ್ತಿ ಹಿಡಿದು ತೋರಿಸಿ. ಎಣ್ಣೆ ಎತ್ತ ಹೋಗುತ್ತದೆ, ಯಾಕೆ ಹೋಗುತ್ತದೆ ಎಂದು ಮಕ್ಕಳೇ ಹೇಳಲಿ. ಖರ್ಚು ಹತ್ತು ರೂಪಾಯಿ ದಾಟುವುದಿಲ್ಲ.